ರೋಲ್ ಬಂಡಿಯ ಮುಂದೆ ನಾವು ಕೇಳದ ಪ್ರಶ್ನೆ

ಮಗ್ರಿಬ್ ನಮಾಜ್ ಮುಗಿಯುವ ಹೊತ್ತಿಗೆ ಸಿಂಧನೂರಿನ ರಸ್ತೆ ಬದಿಯಲ್ಲಿ ತಿಂಡಿ ಬಂಡಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಹಿಂದೆ ಅಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಬಂಡಿಗಳೇ ಇರುತ್ತಿದ್ದವು. ಈಗ ಅದೇ ಸಾಲಿನಲ್ಲಿ ಸಣ್ಣ ಗೂಡ್ಸ್ ಗಾಡಿಯನ್ನೇ ಅಡುಗೆಮನೆ ಮಾಡಿಕೊಂಡ ರೋಲ್ ಅಂಗಡಿಗಳೂ ಸೇರಿಕೊಂಡಿವೆ. ಪರೋಟಾದಲ್ಲೋ, ಖುಬ್ಬೂಸಿನಲ್ಲೋ, ರುಮಾಲಿ ರೊಟ್ಟಿಯಲ್ಲೋ ಕೋಳಿ ಮಾಂಸ, ಹೆಚ್ಚಿದ ಎಲೆಕೋಸು, ಮಯೊನೀಸ್ ಹಾಕಿ ಸುತ್ತಿ ಕೊಡುತ್ತಾರೆ. ಮಸ್ಕಿಯಲ್ಲೂ ಇದೇ ನೋಟ, ಲಿಂಗಸುಗೂರಿನಲ್ಲೂ ಇದೇ ನೋಟ. ನಿಮ್ಮ ಮನೆಯ ಮಕ್ಕಳು ಇದನ್ನು ತಿಂದಿಲ್ಲ ಎಂದು ನೀವು ಅಂದುಕೊಂಡಿದ್ದರೆ ಒಮ್ಮೆ ಅವರನ್ನೇ ಕೇಳಿ ನೋಡಿ.

ಮದುವೆ ಮನೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬಸ್ಸಿನಲ್ಲಿ ಸಿಕ್ಕವರನ್ನು ಈ ರೋಲುಗಳ ಬಗ್ಗೆ ಸುಮ್ಮನೆ ಮಾತಿಗೆಳೆಯುವುದು ಕೆಲ ತಿಂಗಳಿಂದ ನನಗೊಂದು ಅಭ್ಯಾಸವಾಗಿದೆ. ಅಭಿಪ್ರಾಯ ಇಲ್ಲದವರು ಯಾರೂ ಇಲ್ಲ. "ಒಂದ್ ತಿಂದ್ರ ಹೊಟ್ಟಿ ತುಂಬತದ, ರಾತ್ರಿ ಊಟದ ಚಿಂತಿನೇ ಇಲ್ಲ" ಎಂದ ಹಾಸ್ಟೆಲ್ ಹುಡುಗ. "ಮೊದಲ ಮಾಂಸ ಭಾಳ ಹಾಕ್ತಿದ್ರು, ಈಗ ಬರೇ ಕೋಸು ತುಂಬಿ ಕೊಡ್ತಾರ, ರೇಟ್ ಮಾತ್ರ ಹತ್ತು ರೂಪಾಯಿ ಜಾಸ್ತಿ" ಎಂದು ಇನ್ನೊಬ್ಬನ ದೂರು. "ಮಯೊನೀಸ್ ಎಷ್ಟ್ ಕೇಳಿದ್ರೂ ಹಾಕ್ತಾನ, ಅದಕ್ಕ ನಾವು ಅಲ್ಲೇ ಹೋಗೂದು" ಎಂದವರು ಇಬ್ಬರು ಹುಡುಗಿಯರು. ಒಬ್ಬರಿಗೆ ಬಂಡಿಯವನ ಮೇಲೆ ಸಿಟ್ಟೇ ಇತ್ತು. "ಒಂಬತ್ತಕ್ಕ ಹೋದ್ರ ಖಾಲಿ ಆತು ಅಂತಾನ. ಅದೆಂಥ ವ್ಯಾಪಾರರೀ?" ಮಕ್ಕಳ ಜೊತೆ ಬಂದಿದ್ದ ಒಬ್ಬ ತಾಯಿ ಹೇಳಿದ್ದು ಇದು: "ಹಲಾಲ್ ಅಂತ ಬೋರ್ಡ್ ಅದ, ನಡಸೋನೂ ನಮ್ಮ ಹುಡುಗನೇ. ಮತ್ತೇನ್ ಕೇಳೂದು?"

ರುಚಿ, ಪ್ರಮಾಣ, ಬೆಲೆ, ಹಲಾಲ್. ಎಲ್ಲರ ಮಾತು ಈ ನಾಲ್ಕರೊಳಗೇ ಸುತ್ತುತ್ತದೆ. ಆ ಮಾಂಸ ಎಷ್ಟು ಹೊತ್ತಿಗೆ ಬೆಂದದ್ದು, ಆ ಬಿಳಿ ಮಯೊನೀಸ್ ಯಾವಾಗ ಮಾಡಿದ್ದು ಎಂದು ಕೇಳಿದವರು ಒಬ್ಬರೂ ಸಿಗಲಿಲ್ಲ. ಕುರ್‌ಆನ್ ಆಹಾರದ ವಿಷಯ ಹೇಳುವಾಗ ಹಲಾಲ್ ಎಂಬ ಪದದ ಜೊತೆಗೇ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ ಎಂಬುದು ನಿಮಗೆ ಗೊತ್ತೇ ಇದೆ. ಶುದ್ಧವಾದದ್ದು, ಒಳ್ಳೆಯದು ಎಂದು ಅದರ ಅರ್ಥ. ಬೋರ್ಡಿನ ಮೇಲೆ ಮೊದಲ ಪದ ಇದ್ದರೆ ಎರಡನೆಯದು ತಾನಾಗಿಯೇ ಬಂತು ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ.

ಹೀಗೆ ಅಂದುಕೊಂಡದ್ದಕ್ಕೆ ತೆತ್ತ ಬೆಲೆ ಎಂಥದ್ದೆಂದು ನಮ್ಮ ಪಕ್ಕದ ಕಾಸರಗೋಡು ಜಿಲ್ಲೆ ನೋಡಿದೆ. 2022ರ ಮೇ 1ರಂದು ಅಲ್ಲಿನ ಚೆರುವತ್ತೂರಿನಲ್ಲಿ ಅಂಗಡಿಯ ಶವರ್ಮಾ ತಿಂದಿದ್ದ ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಹಲವಾರು ಮಂದಿ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಮರು ವರ್ಷ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ನಾಮಕ್ಕಲ್‌ನಲ್ಲಿ ಹದಿನಾಲ್ಕರ ಹುಡುಗಿ ಹೀಗೆಯೇ ಹೋದಳು. ನಮ್ಮ ರಾಜ್ಯದ್ದೂ ಹೇಳಬೇಕು. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಶವರ್ಮಾದ 17 ಮಾದರಿಗಳನ್ನು ಪರೀಕ್ಷಿಸಿದಾಗ ತಿನ್ನಲು ಯೋಗ್ಯವೆಂದು ಬಂದದ್ದು 9 ಮಾತ್ರ. ಉಳಿದವುಗಳಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಸಿಕ್ಕವು. ಅದೇ ವರ್ಷ ಗೋಬಿ ಮಂಚೂರಿಗೂ ಕಬಾಬಿಗೂ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಕೆಂಡದಂತೆ ಕೆಂಪಗೆ ಹೊಳೆಯುವ ಕಬಾಬಿನ ರೋಲ್ ಕಂಡರೆ ಅದನ್ನು ನೆನಪಿಸಿಕೊಳ್ಳಿ.

ಈಗ ನಮ್ಮ ಸೀಮೆಯ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆಹಾರ 5 ಡಿಗ್ರಿಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಇರುವಷ್ಟು ಹೊತ್ತೂ ಅದರಲ್ಲಿ ರೋಗಾಣುಗಳು ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ಒಂದರಿಂದ ಶುರುವಾದರೆ ನಾಲ್ಕು ತಾಸಿನಲ್ಲಿ ನಾಲ್ಕು ಸಾವಿರ ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಅಂದರೆ ಬಂಡಿಯ ಕಟ್ಟೆಯ ಮೇಲೆ ಮುಚ್ಚಳ ತೆಗೆದಿಟ್ಟ ಡಬ್ಬಿ ರೋಗಾಣುಗಳಿಗೆ ಹಾಸಿ ಕೊಟ್ಟ ಹಾಸಿಗೆ.

ಈ ಡಬ್ಬಿಗಳಲ್ಲೆಲ್ಲ ನನಗೆ ಹೆಚ್ಚು ಭಯ ಮಯೊನೀಸಿನದು. ಹಸಿ ಮೊಟ್ಟೆ, ಎಣ್ಣೆ, ಸ್ವಲ್ಪ ನಿಂಬೆರಸ ಇಲ್ಲವೆ ವಿನೆಗರ್ ಮಿಕ್ಸಿಗೆ ಹಾಕಿ ತಿರುಗಿಸಿದರೆ ಅದು ಸಿದ್ಧ. ಬೆಂಕಿಯ ಮುಖವನ್ನೇ ಅದು ಕಾಣುವುದಿಲ್ಲ. ಮೊಟ್ಟೆಯ ಸಿಪ್ಪೆಯ ಮೇಲೂ ಕೆಲವೊಮ್ಮೆ ಒಳಗೂ ಇರುವ ಸಾಲ್ಮೊನೆಲ್ಲಾ ಸಾಯಲು ದಾರಿಯೇ ಇಲ್ಲ. ಈ ಕಾರಣಕ್ಕೇ ಕೇರಳ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೊನೀಸನ್ನು ನಿಷೇಧಿಸಿತು. ನಮ್ಮ ಜಿಲ್ಲೆಗೆ ತಾಗಿಕೊಂಡೇ ಇರುವ ತೆಲಂಗಾಣ 2024ರ ಅಕ್ಟೋಬರ್ ಕೊನೆಯಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದೊಂದು ವರ್ಷದ ಮಟ್ಟಿಗೆ ನಿಷೇಧ ಹೇರಿದವು. ಮೊಟ್ಟೆ ಇಲ್ಲದ ಪ್ಯಾಕೆಟ್ ಮಯೊನೀಸ್ ಇದಕ್ಕಿಂತ ಮೇಲು, ಆದರೆ ಒಮ್ಮೆ ಒಡೆದ ಮೇಲೆ ಅದನ್ನೂ ತಣ್ಣಗೆ ಇಡಲೇಬೇಕು. ಬಂಡಿಯಲ್ಲಿ ಐಸ್ ಡಬ್ಬಿಯಾದರೂ ಇದೆಯೇ ಎಂದು ಕಣ್ಣಾಡಿಸಿ. ತಂಪು ಪಾನೀಯದ ಬಾಟಲಿಗಳು ಐಸಿನಲ್ಲಿ, ಮಯೊನೀಸ್ ಮಾತ್ರ ಒಲೆಯ ಪಕ್ಕದಲ್ಲಿ ಇರುವುದನ್ನು ನಾನೇ ನೋಡಿದ್ದೇನೆ.

ಮಾಂಸದ ಕಥೆ ಬೇರೆ. ನಿಂತ ಸಲಾಕೆಯಲ್ಲಿ ತಿರುಗುವ ಮಾಂಸ ಹೊರಗೆ ಬೆಂದಿರುತ್ತದೆ, ಒಳಗೆ ಹಸಿಯಾಗಿರುತ್ತದೆ. ಹೊರಗಿನದನ್ನು ತೆಳುವಾಗಿ ಹೆರೆದು ಕೊಟ್ಟು, ಒಳಗಿನದು ಬೇಯುವವರೆಗೆ ಕಾಯುವುದೇ ಅದರ ಪದ್ಧತಿ. ಮುಂದೆ ಹತ್ತು ಹುಡುಗರು "ಲಗೂನ ಕೊಡ್ರೀ" ಎಂದು ನಿಂತಾಗ ಕಾಯುವವರು ಯಾರು? ಚಾಕು ಒಳಕ್ಕೆ ಹೋಗುತ್ತದೆ. ಗಿರಾಕಿ ಇಲ್ಲದಾಗ ಗ್ಯಾಸ್ ಉಳಿಸಲು ಉರಿ ಆರಿಸಿದರೆ ಅರೆಬೆಂದ ಮಾಂಸ ಉಗುರುಬೆಚ್ಚಗೆ ಕೂತಿರುತ್ತದೆ. ಹಾಗಾಗಿ ಹೆರೆದ ಮಾಂಸವನ್ನು ಮತ್ತೊಮ್ಮೆ ಕಾದ ತವಾದ ಮೇಲೆ ಹೊಗೆಯಾಡುವಂತೆ ಹುರಿದು ಕೊಡಲು ಹೇಳಿ. ಎರಡು ನಿಮಿಷ ತಡವಾಗುತ್ತದೆ, ಅಷ್ಟೇ. ಆದರೆ ನಿನ್ನೆಯ ಮಾಂಸಕ್ಕೆ ಇದು ಔಷಧವಲ್ಲ. ಕೆಲವು ರೋಗಾಣುಗಳು ಬಿಟ್ಟುಹೋದ ವಿಷ ಎಷ್ಟು ಕಾಯಿಸಿದರೂ ಹಾಗೇ ಉಳಿಯುತ್ತದೆ.

ನಿನ್ನೆಯ ಮಾಂಸ ಎಲ್ಲಿಂದ ಬರುತ್ತದೆ? ಇಲ್ಲಿ ಬೆಲೆಯ ಮಾತಿಗೆ ಬರಬೇಕು. ಪೇಪರ್ ಪೆನ್ನು ತೆಗೆದುಕೊಂಡು ನೀವೇ ಲೆಕ್ಕ ಹಾಕಿ. ಜೀವಂತ ಕೋಳಿಯ ತೂಕದಲ್ಲಿ ಚರ್ಮ, ಮೂಳೆ, ಕರುಳು ಎಲ್ಲ ಕಳೆದರೆ ಕೈಗೆ ಉಳಿಯುವ ಮೂಳೆಯಿಲ್ಲದ ಮಾಂಸ ಸುಮಾರು ಅರ್ಧ. ರೋಲಿಗೆ ಎಂಬತ್ತು ಗ್ರಾಂ ಹಸಿ ಮಾಂಸ ಎಂದರೂ ಕಿಲೋಗೆ ಹನ್ನೆರಡೇ ರೋಲ್. ನಿಮ್ಮೂರಿನ ಈ ವಾರದ ಕೋಳಿ ದರ ಹಾಕಿ ನೋಡಿ. ಅದಕ್ಕೆ ಪರೋಟಾ, ಎಣ್ಣೆ, ಸಾಸ್, ಗ್ಯಾಸ್, ಸುತ್ತುವ ಕಾಗದ, ಜೊತೆಗಿರುವ ಹುಡುಗನ ಕೂಲಿ ಸೇರಿಸಿ. ಅರವತ್ತು ರೂಪಾಯಿಗೆ ರೋಲ್ ಮಾರುವವನ ಕೈಯಲ್ಲಿ ಎಷ್ಟು ಉಳಿಯಿತು? ಈಗ ರಾತ್ರಿ ಹನ್ನೊಂದಕ್ಕೆ ಒಂದು ಕಿಲೋ ಮಾಂಸ ಮಾರಾಟವಾಗದೆ ಉಳಿದಿದೆ ಎಂದುಕೊಳ್ಳಿ. ಅದನ್ನು ಎಸೆದರೆ ಅವನ ಆ ದಿನದ ದುಡಿಮೆಯ ದೊಡ್ಡ ಪಾಲೇ ಹೋಯಿತು. ಅವನಿಗೂ ಮನೆ ಇದೆ, ಬಡ್ಡಿ ಸಾಲ ಇದೆ. ಹತ್ತು ರೂಪಾಯಿ ಜಾಸ್ತಿ ಕೇಳಿದರೆ ನಾವು ಪಕ್ಕದ ಬಂಡಿಗೆ ಹೋಗುತ್ತೇವೆ ಎಂಬುದೂ ಅವನಿಗೆ ಗೊತ್ತಿದೆ. ಉಳಿದದ್ದನ್ನು ಎಸೆಯುವಷ್ಟು ಲಾಭ ಆ ಬೆಲೆಯಲ್ಲಿ ಇದೆಯೇ ಎಂಬುದೇ ನಿಜವಾದ ಪ್ರಶ್ನೆ. ಅಗ್ಗವಾದದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ದುಬಾರಿ ಹೋಟೆಲಿನ ಫ್ರಿಜ್ಜಿನೊಳಗೆ ಏನಿದೆ ಎಂದು ಕಂಡವರಾರು! ಆದರೆ "ಒಂಬತ್ತಕ್ಕೇ ಖಾಲಿ" ಎನ್ನುವ ಬಂಡಿಯವನನ್ನು ಬೈಯುವ ಮೊದಲು ಯೋಚಿಸಿ. ಅವನು ದಿನಕ್ಕೆ ಬೇಕಾದಷ್ಟೇ ತರುತ್ತಾನೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಕೈ ಮತ್ತು ನೀರು. ಶಿಗೆಲ್ಲಾ ಬಲು ಕೆಟ್ಟದ್ದು. ಹತ್ತಾರು ರೋಗಾಣು ಹೊಟ್ಟೆ ಸೇರಿದರೂ ರಕ್ತಭೇದಿ ತರಬಲ್ಲದು. ಶೌಚಕ್ಕೆ ಹೋಗಿ ಕೈ ಸರಿಯಾಗಿ ತೊಳೆಯದ ಒಬ್ಬನಿಂದ, ಕೊಳಕು ನೀರಿನಿಂದ, ನೊಣದಿಂದ ಅದು ಹರಡುತ್ತದೆ. ನೋಟು ಎಣಿಸಿದ ಕೈಯಲ್ಲೇ ಕೋಸು ತುಂಬುವುದನ್ನು ನೀವೂ ನೋಡಿದ್ದೀರಿ. ಪ್ಲಾಸ್ಟಿಕ್ ಕೈಚೀಲ ಹಾಕಿಕೊಂಡವರೂ ಅದೇ ಕೈಯಲ್ಲಿ ನೋಟು ಹಿಡಿಯುತ್ತಾರೆ, ಆಗ ಅದು ಅವರ ಕೈಯನ್ನು ಕಾಪಾಡುತ್ತದೆಯೇ ಹೊರತು ನಮ್ಮ ಹೊಟ್ಟೆಯನ್ನಲ್ಲ. ಫೋನಿನಿಂದ ಹಣ ಕೊಟ್ಟರೆ ಒಂದು ತೊಂದರೆ ತಪ್ಪಿತು. ಕೋಸು ತೊಳೆದ ನೀರು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ನೀರು ಎಷ್ಟು ಅಪಾಯಕಾರಿ ಆಗಬಲ್ಲದು ಎಂದು ನಮ್ಮ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಜನ ಸತ್ತಿದ್ದಾರೆ. ಸಂದೇಹ ಬಂದರೆ ಹಸಿ ಕೋಸು, ಈರುಳ್ಳಿ ಬೇಡ ಎನ್ನಿ. ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟರೂ ಬೇಡ ಎನ್ನಿ. ಮುದ್ರಣದ ಮಸಿ ಬಿಸಿ ಎಣ್ಣೆಗೆ ಇಳಿಯುತ್ತದೆ, ಕಾನೂನಿನಲ್ಲೂ ಅದಕ್ಕೆ ಅವಕಾಶವಿಲ್ಲ. ಬಂಡಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ ಇದೆಯೇ ಎಂದೂ ನೋಡಿ. ಸಂಖ್ಯೆ ಇದ್ದ ಮಾತ್ರಕ್ಕೆ ಮಾಂಸ ತಾಜಾ ಆಗುವುದಿಲ್ಲ, ಆದರೆ ಏನಾದರೂ ಆದಾಗ ಯಾರನ್ನು ಕೇಳಬೇಕೆಂದು ಗೊತ್ತಾಗುತ್ತದೆ.

ಪಾರ್ಸೆಲ್ ಬಗ್ಗೆ ಒಂದು ಮಾತು. ಸಿಂಧನೂರಿನಿಂದ ಕಟ್ಟಿಸಿಕೊಂಡು ಮಸ್ಕಿಗೆ ಮನೆಯವರಿಗೆಂದು ಒಯ್ಯುವವರಿದ್ದಾರೆ. ಬಸ್ಸಿಗೆ ಕಾದು, ಊರು ಸೇರಿ, ಮಕ್ಕಳು ನಿದ್ದೆಯಿಂದ ಎದ್ದು ತಿನ್ನುವಷ್ಟರಲ್ಲಿ ಎರಡು ತಾಸು. ಕೆಲವರು ಅರ್ಧ ಉಳಿಸಿ ಸಹರಿಗೆ ತಿನ್ನುತ್ತಾರೆ. ಶವರ್ಮಾ ಪಾರ್ಸೆಲಿನ ಮೇಲೆ ತಯಾರಿಸಿದ ಸಮಯ ಬರೆದು, ಒಂದು ತಾಸಿನೊಳಗೆ ತಿನ್ನಬೇಕೆಂದು ಮುದ್ರಿಸುವ ನಿಯಮವನ್ನು ಕೇರಳ ಮಾಡಿದೆ. ಅಲ್ಲಿಯ ಹೊಟ್ಟೆಗೂ ಇಲ್ಲಿಯ ಹೊಟ್ಟೆಗೂ ವ್ಯತ್ಯಾಸವಿಲ್ಲ.

ಕಳೆದ ರಂಜಾನಿನಲ್ಲಿ ನನ್ನ ತಂಗಿಯ ಮಗ, ಹನ್ನೊಂದು ವರ್ಷದವನು, ತರಾವೀಹ್ ಮುಗಿಸಿ ಗೆಳೆಯರ ಜೊತೆ ರೋಲ್ ತಿಂದು ಬಂದ. ಬೆಳಗಿನ ಜಾವಕ್ಕೆ ವಾಂತಿ, ಮಧ್ಯಾಹ್ನಕ್ಕೆ ಜ್ವರ, ಭೇದಿ. ರೋಲಿನಿಂದಲೇ ಆಯಿತೆಂದು ಆಣೆ ಮಾಡಿ ಹೇಳಲಾರೆ. ಇಫ್ತಾರಿಗೆ ಕತ್ತರಿಸಿಟ್ಟ ಕಲ್ಲಂಗಡಿಯೂ ಇತ್ತು. ಆದರೆ ನಾವು ಮಾಡಿದ ತಪ್ಪು ಬೇರೆ. "ಹೊಟ್ಟಿಗಿ ಏನೂ ಕೊಡಬ್ಯಾಡ್ರಿ, ತಾನೇ ನಿಲ್ತದ" ಎಂದು ಮನೆಯ ಹಿರಿಯರು ಹೇಳಿದ್ದನ್ನು ಕೇಳಿ ಅರ್ಧ ದಿನ ನೀರನ್ನೂ ಕೊಡದೆ ಕೂತೆವು. ಆಸ್ಪತ್ರೆಗೆ ಒಯ್ಯುವಾಗ ಅವನ ಕಣ್ಣು ಒಳಗೆ ಹೋಗಿದ್ದವು, ಮೂತ್ರ ನಿಂತಿತ್ತು. ಎರಡು ಬಾಟಲಿ ಸಲೈನ್ ಇಳಿದ ಮೇಲೆ "ಅಮ್ಮೀ" ಎಂದ. ಆ ಕೋಣೆಯಲ್ಲಿ ನನ್ನ ತಂಗಿ ಹೇಗಿದ್ದಳೆಂದು ಬರೆಯುವುದು ಬೇಡ.

ನೀವು ಹಾಗೆ ಮಾಡಬೇಡಿ. ಓಆರ್‌ಎಸ್ ಪುಡಿ ಮನೆಯಲ್ಲಿ ಯಾವಾಗಲೂ ಇರಲಿ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಹಾಕಿ ಕದಡಿ, ಗುಟುಕು ಗುಟುಕಾಗಿ ಕುಡಿಸುತ್ತಿರಿ. ಉಪ್ಪು ಹೆಚ್ಚಾಗಬಾರದು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ. ಮಲದಲ್ಲಿ ರಕ್ತ, ಜೋರು ಜ್ವರ, ಆರು ತಾಸು ಮೂತ್ರ ಇಲ್ಲದಿರುವುದು, ಮಗು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೆ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮಕ್ಕಳಿಗೆ ನುಂಗಿಸಬೇಡಿ. ಒಂದೇ ಕಡೆ ತಿಂದ ನಾಲ್ಕಾರು ಮಂದಿಗೆ ಹೀಗಾದರೆ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ.

ಮನೆಯಲ್ಲೇ ಮಾಡಿಕೊಡಿ ಎಂದು ಹೇಳುವುದು ಸುಲಭ. ಬಿಸಿ ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಸವರಿ, ಹುರಿದ ಕೋಳಿ ತುಂಡು ಇಟ್ಟು ಸುರುಳಿ ಸುತ್ತಿದರೆ ಯಾವ ರೋಲಿಗೂ ಕಡಿಮೆ ಇಲ್ಲ, ಖರ್ಚೂ ಅರ್ಧ. ಆದರೆ ಮಕ್ಕಳಿಗೆ ಬೇಕಾದದ್ದು ರೋಲಷ್ಟೇ ಅಲ್ಲ, ಆ ದೀಪ, ಆ ಗದ್ದಲ, ಗೆಳೆಯರು. ಅದನ್ನು ರೊಟ್ಟಿಯಲ್ಲಿ ಸುತ್ತಿ ಕೊಡಲು ನನಗೂ ಬರುವುದಿಲ್ಲ.

ಹಾಗಾಗಿ ಆ ಹುಡುಗ ಗುಣವಾದ ಮೇಲೆ ನಾನೇ ಅವನನ್ನು ಒಂದು ಬಂಡಿಗೆ ಕರೆದುಕೊಂಡು ಹೋದೆ. "ಭಾಯಿ, ಮಯೊನೀಸ್ ಯಾವಾಗ ಮಾಡಿದ್ದು?" ಎಂದೆ. ನಡೆಸುತ್ತಿದ್ದವನು ಸಿಟ್ಟಾಗಲಿಲ್ಲ, ಸ್ವಲ್ಪ ಗಲಿಬಿಲಿಯಾದ. "ಮಧ್ಯಾಹ್ನ ಮಾಡೀನಿ ಆಪಾ. ಎಲ್ಲಾರೂ ಇನ್ನೊಂದಿಷ್ಟ್ ಹಾಕು ಅಂತಾರ, ಯಾವಾಗ ಮಾಡಿದ್ದು ಅಂತ ಯಾರೂ ಕೇಳಿಲ್ಲ ನೋಡ್ರಿ." ಅದು ಬೇಡ, ಕೋಳಿಯನ್ನು ತವಾದ ಮೇಲೆ ಇನ್ನೊಮ್ಮೆ ಹುರಿದು, ನಿಂಬೆಹಣ್ಣು ಹಿಂಡಿ ಕೊಡು ಎಂದೆ. ಕೊಟ್ಟ. ಬೆಲೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ, ನಾನೂ ಕೇಳಲಿಲ್ಲ. ತಂಗಿಯ ಮಗ ತಿಂದು, ಮಯೊನೀಸ್ ಇದ್ದರೆ ಇನ್ನೂ ಚಲೋ ಇರುತ್ತಿತ್ತು ಎಂದ.