ಬೂಷ್ಟಿಗೂ ಒಂದು ನಾಮಕರಣ

ಮಂಡ್ಯದ ಸಮೀಪದ ಹೊಳಲಿನಲ್ಲಾಗಲಿ, ನಾಡಿನ ಇನ್ನಾವ ಊರಿನಲ್ಲಾಗಲಿ, ಮುಂಗಾರಿನ ಮೊದಲ ಹನಿಗಳು ಕಾದ ನೆಲವನ್ನು ಸೋಕಿದೊಡನೆ ಹಿತವಾದ ಮಣ್ಣಿನ ಕಂಪು ಏಳುತ್ತದೆ. ಈ ಕಂಪಿಗೆ ಮುಖ್ಯ ಕಾರಣಗಳಲ್ಲೊಂದು, ಮಣ್ಣಿನಲ್ಲಿರುವ ‘ಸ್ಟ್ರೆಪ್ಟೊಮೈಸಿಸ್’ ಎಂಬ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ದೊರೆತದ್ದೂ ಇದೇ ಬಳಗದಿಂದ. ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆದರೂ ಇವು ಬೂಷ್ಟುಗಳಲ್ಲ, ಬ್ಯಾಕ್ಟೀರಿಯಗಳು.

ಗುಣವಿದ್ದರೆ ಸಾಲದೆ, ಕುಲಗೋತ್ರದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಆದರೆ ಹಸುರು ಬೂಷ್ಟುಗಳಲ್ಲಿ ಪೆನಿಸಿಲಿನ್ ಕೊಡುವುದೂ ಉಂಟು. ಕಡಲೆಕಾಯಿಯ ಮೇಲೆ ಬೆಳೆದು ಯಕೃತ್ತನ್ನು ಕೆಡಿಸುವ ವಿಷ ಕಾರುವ ‘ಆಸ್ಪರ್ಜಿಲಸ್ ಫ್ಲೇವಸ್’ ಕೂಡ ಉಂಟು. ಬರಿಗಣ್ಣಿನ ನೋಟವನ್ನು ನಂಬುವಂತಿಲ್ಲ.

ನುರಿತವರೂ ಇಲ್ಲಿ ಎಡವಿದ್ದಾರೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರ ತಟ್ಟೆಯಲ್ಲಿ ಬೆಳೆದ ಬೂಷ್ಟನ್ನು ಮೊದಲು ‘ಪೆನಿಸಿಲಿಯಂ ರುಬ್ರಂ’ ಎಂದು ಗುರುತಿಸಲಾಯಿತು. ಅಮೆರಿಕದ ಚಾರ್ಲ್ಸ್ ಥಾಮ್ ಅದನ್ನು ‘ನೊಟೇಟಂ’ ಎಂದು ತಿದ್ದಿದರು. ವಂಶವಾಹಿಗಳ ಪರೀಕ್ಷೆಯ ಆಧಾರದಿಂದ 2011ರಲ್ಲಿ ಅದು ‘ರುಬೆನ್ಸ್’ ಎಂದು ನಿರ್ಣಯವಾಯಿತು.

ಗುರುತಿಸುವ ಕ್ರಮ ತಾಳ್ಮೆಯದು. ಚಿಟಿಕೆ ಮಣ್ಣನ್ನು ನೀರಿನಲ್ಲಿ ಕಲಕಿ, ಮತ್ತೆ ಮತ್ತೆ ತೆಳುಮಾಡಿ, ಅಗರ್ ತುಂಬಿದ ತಟ್ಟೆಯ ಮೇಲೆ ಹರಡುತ್ತಾರೆ. ಬೆಳೆದ ಒಂದೊಂದು ಜೀವಿಯನ್ನೂ ಬೇರ್ಪಡಿಸಿ, ರೋಗಾಣುಗಳ ನಡುವೆ ಇಡುತ್ತಾರೆ. ಸುತ್ತಲೂ ರೋಗಾಣು ಬೆಳೆಯದ ತಿಳಿಯಾದ ವಲಯ ಕಂಡರೆ ಅಲ್ಲಿ ಮದ್ದಿನ ಸುಳಿವಿದೆ. ಅನಂತರ ಬಣ್ಣ, ಬೀಜಕಗಳ ಸರಪಣಿ ನೆಟ್ಟಗಿದೆಯೋ ಸುರುಳಿಯಾಗಿದೆಯೋ, ಯಾವ ಸಕ್ಕರೆಯನ್ನು ಉಣ್ಣುತ್ತದೆ ಎಂಬುದನ್ನೆಲ್ಲ ಬರೆದಿಟ್ಟು, ತಿಳಿದ ಜಾತಿಗಳೊಡನೆ ಹೋಲಿಸಿ ನೋಡಬೇಕು. ಈ ಹೋಲಿಕೆ ತಪ್ಪಿದರೆ, ಹಿಂದೆಯೇ ದೊರೆತ ಮದ್ದನ್ನು ಹೊಸದೆಂದು ಭ್ರಮಿಸಿ ವರ್ಷಗಟ್ಟಲೆ ಶ್ರಮ ವ್ಯರ್ಥವಾಗಬಹುದು.

ಈ ವಿದ್ಯೆಯಲ್ಲಿ ಪ್ರಾವೀಣ್ಯ ಪಡೆದ ಕನ್ನಡನಾಡಿನ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ (1914–1999). ಮೈಸೂರು ಸೀಮೆಯ ಗಿಡಗಳಿಗೆ ತಗಲುವ ತುಕ್ಕುರೋಗದ ಶಿಲೀಂಧ್ರಗಳನ್ನು ಗುರುತಿಸುತ್ತ ಪಳಗಿದ ಕಣ್ಣು ಅವರದು. ಬಿ. ಬಿ. ಮುಂಡ್ಕೂರರೊಡನೆ ಅವರು ಭಾರತದ ಕಾಡಿಗೆರೋಗದ ಶಿಲೀಂಧ್ರಗಳನ್ನು ಕುರಿತು ಬರೆದ ಗ್ರಂಥ 1952ರಲ್ಲಿ ಪ್ರಕಟವಾಯಿತು. ಮುಂದೆ ಪುಣೆಯ ಬಳಿಯ ಪಿಂಪ್ರಿಯಲ್ಲಿ, 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸಂಸ್ಥೆಯ ಸಂಶೋಧನೆಗೆ ಅವರು ನಾಯಕರಾದರು.

ಪೆನಿಸಿಲಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲದು. ಶಿಲೀಂಧ್ರಗಳ ಮುಂದೆ ಅದರ ಆಟ ನಡೆಯದು. ಎಳೆಯ ಮಕ್ಕಳ ಬಾಯಲ್ಲಿ ಬಿಳಿಯ ಪದರು ಕಟ್ಟುವ ರೋಗಕ್ಕೆ ಬೇರೆಯೇ ಮದ್ದು ಬೇಕು. ತಿರುಮಲಾಚಾರ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ‘ಹ್ಯಾಮೈಸಿನ್’ ಅಂತಹ ಮದ್ದು. ಅದನ್ನು ತಯಾರಿಸುವ ಜೀವಿಗೆ ಪಿಂಪ್ರಿಯ ನೆನಪಿನಲ್ಲಿ ‘ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ’ ಎಂದು ಹೆಸರಿಟ್ಟರು. 1964ರಲ್ಲಿ ಬಂದ ‘ಆರಿಯೋಫಂಜಿನ್’ ಮನುಷ್ಯನಿಗಿಂತ ಬೆಳೆಗೆ ಹೆಚ್ಚು ನೆರವಾಯಿತು. ಬತ್ತದ ಬೆಂಕಿರೋಗದ ಶಿಲೀಂಧ್ರವನ್ನು ಅದು ತಡೆಯಬಲ್ಲದು. ಬೂಷ್ಟಿನಂತೆ ಕಾಣುವ ಜೀವಿಯೇ ಬೂಷ್ಟಿನ ಕುಲಕ್ಕೆ ವೈರಿಯಾದ ವಿಚಿತ್ರವಿದು!

ಗದ್ದೆಯ ರೋಗವನ್ನು ಗುರುತಿಸಲು ಕಲಿತ ವಿದ್ಯೆಯೇ ರೋಗಿಯ ಮದ್ದನ್ನೂ ಹುಡುಕಿಕೊಟ್ಟಿತು. ಒಂದು ಹಿಡಿ ಮಣ್ಣಿನಲ್ಲಿ ಹೆಸರಿಲ್ಲದ ಜೀವಿಗಳು ಇನ್ನೂ ಅಸಂಖ್ಯ. ಹಳೆಯ ಮದ್ದುಗಳಿಗೆ ರೋಗಾಣುಗಳು ಜಗ್ಗದಂತಾಗುತ್ತಿರುವ ಈ ಕಾಲದಲ್ಲಿ, ಅವುಗಳ ನಾಮಕರಣ ಪಂಡಿತರ ವಿನೋದವಲ್ಲ. ಮನೆಮನೆಯ ಆರೋಗ್ಯದ ಪ್ರಶ್ನೆ.