ನೈಟ್ ಶಿಫ್ಟಿಗೆ ಒಗ್ಗದ ಒಳಗಡಿಯಾರ

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯ ಎಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ರಾತ್ರಿ ಪಾಳಿಯಲ್ಲಿದ್ದಾರೆ. ಊರಿನಿಂದ ಫೋನ್ ಮಾಡುವ ಉಮ್ಮನಿಗೆ ಅವರು ಹೇಳುವುದು ಒಂದೇ ಮಾತು, ‘ಎರಡು ತಿಂಗಳಲ್ಲಿ ಅಭ್ಯಾಸ ಆಗ್ತದೆ.’ ನಿಜಕ್ಕೂ ಆಗ್ತದಾ? ಇದಕ್ಕೆ ಉತ್ತರ ಅದೇ ಬೆಂಗಳೂರಿನ ಜಕ್ಕೂರಿನಲ್ಲಿದೆ.

ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೀವಿಗಳ ಒಳಗಡಿಯಾರದ ಅಧ್ಯಯನವನ್ನು ಬೆಳೆಸಿದವರು ಪ್ರೊ. ಎಂ.ಕೆ. ಚಂದ್ರಶೇಖರನ್. ಜರ್ಮನಿಯಲ್ಲಿ ಎರ್ವಿನ್ ಬ್ಯೂನಿಂಗ್ ಅವರ ಬಳಿ ಪಳಗಿ ಬಂದವರು ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಬಾವಲಿಗಳ ಹಿಂದೆ ಬಿದ್ದರು. ಗುಹೆಯೊಳಗೆ ಬೆಳಕೇ ಇಲ್ಲ, ಹೊರಗೆ ಸೂರ್ಯ ಮುಳುಗಿದ್ದು ಅವಕ್ಕೆ ಗೊತ್ತಾಗುವುದು ಹೇಗೆ? ಪಂಜರದಲ್ಲಿಟ್ಟ ಬಾವಲಿ ಕೂಡ ಸಂಗಾತಿಗಳು ಹಾರಿ ಹೋಗಿ ಬರುವ ಹೊತ್ತಿಗೆ ತನ್ನ ಗಡಿಯಾರ ಹೊಂದಿಸಿಕೊಳ್ಳುತ್ತದೆ ಎಂದು ಅವರ ತಂಡ 1981ರಲ್ಲಿ ತೋರಿಸಿತು. ಒಂಟಿ ಗುಹೆಯಲ್ಲಿಟ್ಟದ್ದು ಮಾತ್ರ ಹೊರಗಿನ ಹೊತ್ತಿನಿಂದ ದಿನವೂ ಸ್ವಲ್ಪ ಸ್ವಲ್ಪ ಜಾರುತ್ತಾ ಹೋಗುತ್ತದೆ.

ಗಡಿಯಾರ ಒಳಗೇ ಇದೆ ಎನ್ನುವುದಕ್ಕೆ ಕಡಲಿನದೂ ಸಾಕ್ಷಿಯಿದೆ. ಕೆಲವು ರಾತ್ರಿ ತೆರೆ ನೀಲಿಯಾಗಿ ಮಿನುಗುವುದನ್ನು ನಾವು ಕರಾವಳಿಯವರು ಕಂಡಿದ್ದೇವೆ. ಹಾಗೆ ಮಿನುಗುವ ಇನ್ನೊಂದು ಸೂಕ್ಷ್ಮಜೀವಿಯನ್ನು ಅಮೆರಿಕದ ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ (1927-2014) ಮತ್ತು ಬಿಯಾಟ್ರಿಸ್ ಸ್ವೀನಿ ಸದಾ ಒಂದೇ ಮಂದ ಬೆಳಕಿನಲ್ಲಿಟ್ಟರೂ ಅದು ರಾತ್ರಿಯ ಹೊತ್ತಿಗೇ ಹೆಚ್ಚು ಬೆಳಗಿತು.

ಇನ್ನು ಜಕ್ಕೂರಿನ ಹಣ್ಣಿನ ನೊಣಗಳ ಕಥೆ. 600 ತಲೆಮಾರು ಹಗಲು-ರಾತ್ರಿ ಎಂಬುದಿಲ್ಲದೆ ಬರೀ ಬೆಳಕಿನಲ್ಲಿ ಬೆಳೆದ ನೊಣಗಳವು. ಚಂದ್ರಶೇಖರನ್, ಶೀಬಾ ವಾಸು, ವಿಜಯ್ ಕುಮಾರ್ ಶರ್ಮ, ಅಮಿತಾಭ್ ಜೋಶಿ ಸೇರಿ ಅವನ್ನು ಕತ್ತಲೆಯಲ್ಲಿಟ್ಟು ನೋಡಿದರು. ಗೂಡಿನಿಂದ ಮರಿಗಳು ದಿನದ ಲಯ ಹಿಡಿದೇ ಹೊರಬಂದವು! 1999ರಲ್ಲಿ ಇದು ಪ್ರಕಟವಾಯಿತು. ತಲೆಮಾರಿಗೆ 25 ವರ್ಷ ಹಿಡಿದರೆ ಮನುಷ್ಯರ ಲೆಕ್ಕದಲ್ಲಿ 15,000 ವರ್ಷ. ಅಷ್ಟಕ್ಕೂ ಮರೆಯದ್ದನ್ನು ನಮ್ಮ ಹುಡುಗರು ಎರಡು ತಿಂಗಳಲ್ಲಿ ಮರೆಯಬೇಕಂತೆ.

ಬೆಳಕಿಗೆ ಈ ಗಡಿಯಾರದ ಮುಳ್ಳನ್ನು ಸರಿಸಲು ಬರುತ್ತದೆ, ಆದರೆ ನಿಧಾನವಾಗಿ. ಪಾಳಿ ಮುಗಿಸಿ ಬೆಳಗ್ಗಿನ ಬಿಸಿಲಲ್ಲಿ ರೂಮಿಗೆ ಬಂದರೆ ಮುಳ್ಳು ಮತ್ತೆ ಹಗಲಿಗೇ ತಿರುಗುತ್ತದೆ. ರಜೆಯ ದಿನ ಊರಿನವರಂತೆ ರಾತ್ರಿ ಮಲಗಿದರಂತೂ ಕೇಳುವುದೇ ಬೇಡ. ದೇಹದ ಲಯ ಕೆಡಿಸುವ ಪಾಳಿ ಕೆಲಸ ಕ್ಯಾನ್ಸರಿಗೆ ಕಾರಣವಾಗುವ ಸಂಭವ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಹೇಳಿದೆ. ಕೆಲಸ ಬಿಡಿ ಎಂದು ನಾವು ಹೇಳಲಾರೆವು, ಸಾಲವೂ ಬಾಡಿಗೆಯೂ ಎಲ್ಲರಿಗೂ ಇದೆ. ಬೆಳಗ್ಗೆ ಮರಳುವಾಗ ಕಪ್ಪು ಕನ್ನಡಕ, ಕಿಟಕಿಗೆ ದಪ್ಪ ಪರದೆ ಇಷ್ಟಾದರೂ ಇರಲಿ. ಊರಿನವರು ಹಗಲು ಹನ್ನೆರಡಕ್ಕೆ ಫೋನ್ ಮಾಡುವ ಬದಲು ಸಂಜೆ ಐದರ ಮೇಲೆ ಮಾಡಿ.