ಕಡಿದ ಬೆನ್ನುಹುರಿಗೆ ಬೆಳೆ ಎಂದು ಹೇಳುವುದು ಹೇಗೆ?

ಕೈಯ ನರ ತುಂಡಾದರೆ ವೈದ್ಯರು ಹೊಲಿದು ಕೂಡಿಸುತ್ತಾರೆ. ಆಮೇಲೆ ತಂತು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತ ಹೋಗುತ್ತದೆ. ಕೊನೆ ಕೊಯ್ಯಲು ಹತ್ತಿ ಅಡಿಕೆ ಮರದಿಂದ ಜಾರಿಬಿದ್ದ ಕೊನೆಗೌಡನ ಬೆನ್ನುಹುರಿಗೆ ಆ ಭಾಗ್ಯವಿಲ್ಲ. ಮಿದುಳಿನಿಂದ ಇಳಿದುಬರುವ ತಂತುಗಳು ಗಾಯದ ಅಂಚಿನಲ್ಲೇ ತುದಿ ಊದಿಕೊಂಡು ನಿಂತುಬಿಡುತ್ತವೆ.

ಅವುಗಳಿಗೆ ಬೆಳೆಯುವ ಶಕ್ತಿಯೇ ಇಲ್ಲವೇ? 1981ರಲ್ಲಿ ಮಾಂಟ್ರಿಯಲ್‌ನ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇಲಿಯ ಕಾಲಿನ ನರದ ತುಣುಕೊಂದನ್ನು ಅದರ ಮಿದುಳಕಾಂಡಕ್ಕೂ ಬೆನ್ನುಹುರಿಗೂ ನಡುವೆ ಸೇತುವೆಯಾಗಿ ನೆಟ್ಟರು. ಬೆಳೆಯವೆಂದು ಎಲ್ಲರೂ ಕೈಬಿಟ್ಟಿದ್ದ ತಂತುಗಳು ಆ ಸೇತುವೆಯೊಳಗೆ ಸುಮಾರು 3 ಸೆಂಟಿಮೀಟರ್ ಸಾಗಿದವು. ಆಚೆಯ ದಡದಲ್ಲಿ ಬೆನ್ನುಹುರಿಯನ್ನು ಮತ್ತೆ ಹೊಕ್ಕೊಡನೆ ಒಂದೆರಡು ಮಿಲಿಮೀಟರಿಗೇ ನಿಂತವು. ಅಂದರೆ ಕೋಶದ ಶಕ್ತಿಯಷ್ಟೇ ಅಲ್ಲ, ಅದರ ಸುತ್ತಣ ಪರಿಸರವೂ ಬೆಳವಣಿಗೆಯನ್ನು ತೀರ್ಮಾನಿಸುತ್ತದೆ.

ಆ ಪರಿಸರದಲ್ಲಿ ಬೇಕಾದ ಪ್ರೋಟೀನುಗಳಿಗೆ ಗ್ರೋತ್ ಫ್ಯಾಕ್ಟರ್ ಎಂದು ಹೆಸರು. ಮೊದಲು ಸಿಕ್ಕಿದ್ದು ನರ್ವ್ ಗ್ರೋತ್ ಫ್ಯಾಕ್ಟರ್, ಅಂದರೆ ಎನ್‌ಜಿಎಫ್. 1952ರಲ್ಲಿ ರೀಟಾ ಲೆವಿ-ಮೊಂತಾಲ್ಚೀನಿ ಗೆಡ್ಡೆಯಿದ್ದ ಚಿಟ್ಟಿಲಿಗಳನ್ನು ಜೊತೆಗೊಯ್ದು ರಿಯೊ ಡಿ ಜನೈರೊದ ಪ್ರಯೋಗಾಲಯ ಸೇರಿದರು. ಕೋಳಿಭ್ರೂಣದ ನರಗಂಟನ್ನು ಆ ಗೆಡ್ಡೆಯ ಪಕ್ಕದಲ್ಲಿಟ್ಟಾಗ ಗಂಟಿನ ಸುತ್ತ ತಂತುಗಳು ಪ್ರಭಾವಳಿಯಂತೆ ಹೊಮ್ಮಿದವು. ಮುಂದೆ ಅವರ ಸಹೋದ್ಯೋಗಿ ಸ್ಟ್ಯಾನ್ಲಿ ಕೋಹೆನ್, ಆ ಗೆಡ್ಡೆಯ ಸಾರದಲ್ಲಿದ್ದ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲೆಂದು ಹಾವಿನ ವಿಷ ಬೆರೆಸಿದರು. ತಂತುಗಳು ಇನ್ನೂ ಜೋರಾಗಿ ಬೆಳೆದವು. ವಿಷದಲ್ಲೇ ಎನ್‌ಜಿಎಫ್ ಹೇರಳವಾಗಿತ್ತು! ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ಹಾಗಾದರೆ ಗಾಯಕ್ಕೆ ಎನ್‌ಜಿಎಫ್ ಸುರಿದರಾಯಿತಲ್ಲ? ತೊಡಕು ಶುರುವಾಗುವುದೇ ಇಲ್ಲಿ. ಈ ಪ್ರೋಟೀನು ತಾನಾಗಿ ಏನನ್ನೂ ಮಾಡದು, ಕೋಶದ ಮೈಮೇಲಿನ ಗ್ರಾಹಕಕ್ಕೆ ಅಂಟಬೇಕು. ಟ್ರ್ಯಾಕ್-ಎ ಎಂಬ ಗ್ರಾಹಕಕ್ಕೆ ಅಂಟಿದರೆ ಕೋಶದೊಳಗೆ ಸಂದೇಶಗಳ ಸರಪಳಿ ಹೊರಟು ಉಳಿವು, ಬೆಳವಣಿಗೆ ಎರಡಕ್ಕೂ ಚಾಲನೆ ಸಿಗುತ್ತದೆ. ಪಿ75 ಎಂಬ ಇನ್ನೊಂದು ಗ್ರಾಹಕವಿದೆ. ಪೂರ್ತಿ ಕತ್ತರಿಸಿ ಸಿದ್ಧಗೊಳ್ಳದ ಎನ್‌ಜಿಎಫ್ ಅದನ್ನು ಹಿಡಿದರೆ ಕೋಶಕ್ಕೆ ಸಾವಿನ ಅಪ್ಪಣೆ. ಬೆನ್ನುಹುರಿಗೆ ಪೆಟ್ಟಾದಾಗ ಈ ಅರೆಸಿದ್ಧ ರೂಪವೇ ಹೆಚ್ಚುತ್ತದೆ. ತಂತುಗಳಿಗೆ ಮೈಲಿನ್ ಹೊದಿಕೆ ಸುತ್ತುವ ಕೋಶಗಳು ಸಾಯುತ್ತವೆ.

ಇಷ್ಟಕ್ಕೇ ಮುಗಿಯಲಿಲ್ಲ. ಟ್ರ್ಯಾಕ್-ಎ ಧಾರಾಳವಾಗಿರುವುದು ನೋವಿನ ಸುದ್ದಿ ಒಯ್ಯುವ ತಂತುಗಳಲ್ಲಿ. ಇಲಿಗಳ ಬೆನ್ನುಹುರಿಯಲ್ಲಿ ಎನ್‌ಜಿಎಫ್ ಹೆಚ್ಚಿಸಿದಾಗ ಕವಲೊಡೆದದ್ದು ನೋವಿನ ತಂತುಗಳೇ. 1990ರ ದಶಕದಲ್ಲಿ ಸ್ವೀಡನ್ನಿನಲ್ಲಿ ಆಲ್ಝೈಮರ್ ರೋಗಿಗಳ ಮಿದುಳಿಗೆ ಇದನ್ನು ಹರಿಸಿದಾಗ ಬೆನ್ನುನೋವು ಕಾಡಿ, ತೂಕ ಇಳಿಯಿತು.

ಜಿಡಿಎನ್ಎಫ್ ಎಂಬ ಗ್ರೋತ್ ಫ್ಯಾಕ್ಟರಿನಂಥ ಬೇರೆ ಅಂಶಗಳು ಬೇರೆ ತಂತುಗಳನ್ನು ಸೆಳೆಯುತ್ತವೆ. ಅದರಲ್ಲೂ ಒಂದು ಅತಿರೇಕ: ಗಾಯದಲ್ಲೇ ಹೆಚ್ಚು ಸುರಿದರೆ ತಂತುಗಳು ಬರುತ್ತವೆ, ಆದರೆ ಜೋನಿಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಮುಂದೆ ಹೋಗುವುದಿಲ್ಲ.

2018ರಲ್ಲಿ ಲಾಸ್ ಏಂಜಲೀಸ್ ಮತ್ತು ಸ್ವಿಟ್ಜರ್ಲೆಂಡಿನ ಲೋಸಾನ್ ತಂಡಗಳು ಕೆಲಸವನ್ನು ಮೂರಾಗಿ ಒಡೆದವು: ಕೆಲವು ಅಂಶಗಳಿಂದ ನರಕೋಶವನ್ನು ಎಬ್ಬಿಸುವುದು, ಇನ್ನು ಕೆಲವದರಿಂದ ಗಾಯದ ನೆಲ ಹದಗೊಳಿಸುವುದು, ಗಾಯದಾಚೆ ಜಿಡಿಎನ್ಎಫ್ ಇಟ್ಟು ಕರೆಯುವುದು. ತಂತುಗಳು ಗಾಯ ದಾಟಿದವು, ವಿದ್ಯುತ್ ಸಂಕೇತವನ್ನೂ ಒಯ್ದವು. ಪ್ರಯೋಗದ ಪ್ರಾಣಿಗಳು ಮಾತ್ರ ನಡೆಯಲಿಲ್ಲ. ನನಗೆ ಈ ಸೋಲೇ ಗೆಲುವಿಗಿಂತ ಹೆಚ್ಚು ಕಲಿಸಿತೆನಿಸುತ್ತದೆ: ದಾಟಿದ ತಂತುಗಳು ತಮ್ಮ ಮನೆ ಮುಟ್ಟಿರಲಿಲ್ಲ. 2023ರಲ್ಲಿ ಅದೇ ಬಳಗದ ವಿಜ್ಞಾನಿಗಳು ನಡಿಗೆಗೆ ಬೇಕಾದ ಒಂದು ಬಗೆಯ ನರಕೋಶವನ್ನು ಗುರುತಿಸಿ, ಅದು ಸಹಜವಾಗಿ ಹೋಗಿ ಸೇರುವ ಸೊಂಟದ ಭಾಗಕ್ಕೇ ಕರೆಯನ್ನು ಸರಿಸಿದರು. ಬೆನ್ನುಹುರಿ ಪೂರ್ತಿ ಘಾಸಿಗೊಂಡಿದ್ದ ಚಿಟ್ಟಿಲಿಗಳು ಮತ್ತೆ ಹೆಜ್ಜೆಯಿಟ್ಟವು.

ಚಿಟ್ಟಿಲಿಯ ಗಾಯಕ್ಕೆ ಮಿಲಿಮೀಟರುಗಳ ಲೆಕ್ಕ. ಮನುಷ್ಯನಲ್ಲಿ ಎದೆಮಟ್ಟದಿಂದ ಸೊಂಟಮಟ್ಟಕ್ಕೆ 10 ಸೆಂಟಿಮೀಟರ್ ಎಂದುಕೊಂಡರೂ, ದಿನಕ್ಕೆ 1 ಮಿಲಿಮೀಟರಿನಂತೆ 100 ದಿನ ಬೇಕು. ಅಷ್ಟು ದಿನವೂ ಕರೆ ಸರಿಯಾದ ಜಾಗದಿಂದಲೇ ಬರುತ್ತಿರಬೇಕು, ನೋವಿನ ತಂತುಗಳಿಗೆ ಕೇಳಿಸಬಾರದು, ತಂತು ಮುಟ್ಟಿದ ಮೇಲೆ ನಿಲ್ಲಲೂ ಬೇಕು. ಪ್ರಯೋಗಾಲಯಗಳು ಈಗ ಬೆನ್ನುಹತ್ತಿರುವ ಪ್ರಶ್ನೆಗಳಲ್ಲಿ ಇದೂ ಒಂದು: ಕರೆ ಕಳಿಸಲು ಬಳಸುವ, ಜೀನ್ ಒಯ್ಯುವ ವೈರಸ್ ಬೆನ್ನುಹುರಿಯೊಳಗೆ ಹೊಕ್ಕ ಮೇಲೆ, ಅದು ಮಾಡಿಸುವ ಜಿಡಿಎನ್ಎಫ್ ಅನ್ನು ಹೊರಗಿನಿಂದ ನಿಲ್ಲಿಸುವುದು ಹೇಗೆ?